ಬೆಣಚಿಗುಡ್ಡದ ಹೊನಲು

ಬೆಣಚಿಗುಡ್ಡದ ಚಿನ್ನದ ಗಣಿ ಮುಚ್ಚಿ ಹನ್ನೊಂದು ವರ್ಷವಾದ ಮೇಲೆ ಅದರ ಹತ್ತೊಂಬತ್ತನೆಯ ಲೆವೆಲ್ಲಿಗೆ ಒಂದು ಪೆಟ್ಟಿಗೆ ಇಳಿಯಿತು. ಅದಕ್ಕೆ ದೊಡ್ಡ ಹೆಸರಿತ್ತು, ಊರವರು ಮಾತ್ರ ಪೆಟ್ಟಿಗೆ ಎಂದೇ ಕರೆದರು. ಹೊರಗೆ ಸೀಸದ ಇಟ್ಟಿಗೆಗಳ ಗೋಡೆ, ಅದರೊಳಗೆ ತಾಮ್ರದ ಹಲಗೆಗಳ ಗೂಡು, ಗೂಡಿನ ನಡುವೆ ಉಪ್ಪಿನ ಜಾತಿಯ ಇಪ್ಪತ್ತೈದು ದೊಡ್ಡ ಹರಳುಗಳು. ಹರಳಿನೊಳಗಿನ ಒಂದು ಪರಮಾಣುವಿಗೆ ಏನಾದರೂ ತಾಕಿದರೆ ಸಣ್ಣದೊಂದು ಬೆಳಕು ಮಿನುಗುತ್ತದೆ. ಹರಳಿನ ಎರಡೂ ತುದಿಗೆ ಕೂರಿಸಿದ ಯಂತ್ರದ ಕಣ್ಣುಗಳು ಅದನ್ನು ಎಣಿಸಿಕೊಳ್ಳುತ್ತವೆ. ಮೇಲೆ ಒಂದು ಕಿಲೋಮೀಟರ್ ದಪ್ಪದ ಬಂಡೆ ಇರುವುದರಿಂದ ಆಕಾಶದಿಂದ ಸುರಿಯುವ ಮಾಮೂಲಿ ಕಣಗಳು ಅಲ್ಲಿಯವರೆಗೆ ಬರುವುದಿಲ್ಲ. ವಿಜ್ಞಾನಿಗಳು ಕಾಯುತ್ತಿದ್ದುದು ಬಂಡೆಯನ್ನು ಲೆಕ್ಕಕ್ಕೇ ಇಡದೆ ದಾಟಿ ಬರುವ ಕಪ್ಪು ದ್ರವ್ಯಕ್ಕೆ.

ಪೆಟ್ಟಿಗೆಯ ಸುತ್ತಲ ಕೋಣೆಯಲ್ಲಿ ಧೂಳು ಇರಬಾರದಿತ್ತು, ಸೀಸದ ಗೋಡೆಯ ಬಾಗಿಲು ತೆರೆದು ಒಳಗಿನ ತಾಮ್ರದ ಹಲಗೆಗಳನ್ನೂ ಆಗಾಗ ಒರೆಸಬೇಕಿತ್ತು. ಅದಕ್ಕಾಗಿ ಊರಿನಿಂದ ಹನ್ನೆರಡು ಹೆಂಗಸರನ್ನು ದಿನಗೂಲಿಯ ಮೇಲೆ ಆರಿಸಿದರು. ಅವರಲ್ಲಿ ಹಿರಿಯಳು ಹುಲಿಗೆಮ್ಮ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವಳು ಮೇಲಿನ ಅಂಗಳದಲ್ಲಿ ಬೆಣಚುಕಲ್ಲು ಒಡೆಯುತ್ತಿದ್ದಳು. ಗಂಡ ಕೆಳಗೆ ಕಲ್ಲು ಕೊರೆಯುತ್ತಿದ್ದ. ಕಲ್ಲಿನ ಪುಡಿ ಎದೆಗೆ ಕೂತು ಗಂಡ ನಲವತ್ತರೊಳಗೆ ಸತ್ತ. ಅದೇ ಪುಡಿ ಹುಲಿಗೆಮ್ಮನ ಎದೆಯಲ್ಲೂ ಕೂತಿದೆ ಎಂದು ಜಿಲ್ಲಾ ಆಸ್ಪತ್ರೆಯ ಡಾಕ್ಟರು ಫೋಟೋ ತೆಗೆದು ತೋರಿಸಿದ್ದರು. ದೊಡ್ಡ ಊರಿನ ಆಸ್ಪತ್ರೆಗೆ ಹೋದರೆ ಇನ್ನಷ್ಟು ವರ್ಷ ದೂಡಬಹುದು ಎಂದೂ ಹೇಳಿದ್ದರು. ಆ ಆಸ್ಪತ್ರೆಯ ಬಾಗಿಲು ತೆರೆಯುತ್ತಿದ್ದುದು ಯೋಜನೆಯ ಖಾಯಂ ನೌಕರರ ಕಾರ್ಡಿಗೆ ಮಾತ್ರ. ಹುಲಿಗೆಮ್ಮ ಖಾಯಂ ಆಗುವುದನ್ನು ಕಾಯುತ್ತ ಎಂಟು ವರ್ಷ ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದು ಹತ್ತಿದಳು.

ಯೋಜನೆಯ ಮುಖ್ಯಸ್ಥರು ಡಾಕ್ಟರ್ ಸುಧನ್ವ ಕೆರೂರ, ಧಾರವಾಡದ ಕಡೆಯವರು. ಕೆಲಸ ಸುರುವಾಗುವ ಮೊದಲ ದಿನ ಅವರು ಹೆಂಗಸರನ್ನೆಲ್ಲ ಗಣಿಗಿಳಿಯುವ ಶಾಫ್ಟಿನ ಮುಂದಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡು, ನೀವು ಏನನ್ನು ಕಾಯುತ್ತೀರಿ ಎಂಬುದು ನಿಮಗೆ ಗೊತ್ತಿರಬೇಕು ಎಂದು ತಾವೇ ಹೇಳಲು ಕೂತರು. ಹೊಲದಲ್ಲಿ ಮಳೆ ಬಿದ್ದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ತಗ್ಗಿನಲ್ಲಿ ಎಂದು ಹೆಂಗಸರು ಅಂದರು. ಜಗತ್ತು ಹುಟ್ಟಿದ ಹೊಸತರಲ್ಲಿಯೂ ಹಾಗೆಯೇ ಆಯಿತೆಂದು ಕೆರೂರರು ಹೇಳಿದರು. ಕಪ್ಪು ದ್ರವ್ಯ ಹೆಚ್ಚುಕಡಿಮೆ ಎಲ್ಲ ಕಡೆ ಸಮನಾಗಿ ಹರಡಿತ್ತು. ಎಲ್ಲೋ ಒಂದೆಡೆ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದೆಡೆ ಅಷ್ಟೇ ಕಡಿಮೆ. ಹೆಚ್ಚಿದ್ದ ಕಡೆ ಸೆಳೆತವೂ ಹೆಚ್ಚು. ಸುತ್ತಲಿನದು ಅಲ್ಲಿಗೆ ಜಾರಿ ಸಣ್ಣ ಸಣ್ಣ ತಗ್ಗುಗಳಾದವು, ತಗ್ಗುಗಳು ಒಂದನ್ನೊಂದು ನುಂಗಿ ದೊಡ್ಡವಾದವು. ಹಾಗೆ ಗುಂಪಾಗಿ ನಿಂತ ಕಪ್ಪು ದ್ರವ್ಯದ ದೊಡ್ಡ ಉಂಡೆಗೆ ಹಾಲೊ ಎಂದು ಹೆಸರು. ಕಪ್ಪು ದ್ರವ್ಯಕ್ಕೆ ಬೆಳಕಿಲ್ಲ, ಅದು ಕಾವನ್ನು ಹೊರಗೆ ಬಿಟ್ಟು ತಣ್ಣಗಾಗುವುದಿಲ್ಲ, ಆದ್ದರಿಂದ ಹಿಗ್ಗಿಕೊಂಡೇ ಉಳಿಯುತ್ತದೆ. ಅನಿಲ ಹಾಗಲ್ಲ, ಆ ತಗ್ಗಿಗೆ ಹರಿದುಬಂದು ತಣ್ಣಗಾಗಿ ನಡುವಿಗೆ ಇಳಿಯುತ್ತದೆ, ಅಲ್ಲಿ ಕೂಡಿಕೊಂಡು ನಕ್ಷತ್ರವಾಗುತ್ತದೆ. ನಮ್ಮ ಆಕಾಶಗಂಗೆಯೂ ಅಂಥದೊಂದು ತಗ್ಗಿನ ನಡುವೆ ನಿಂತ ನೀರು. ಅಂಚಿನ ನಕ್ಷತ್ರಗಳು ಓಡುವ ಓಟಕ್ಕೆ ಎಂದೋ ಚೆಲ್ಲಾಪಿಲ್ಲಿಯಾಗಬೇಕಿತ್ತು, ಹಾಲೊ ಹಿಡಿದುಕೊಂಡಿದೆ.

ಹುಲಿಗೆಮ್ಮ ಎಲ್ಲವನ್ನೂ ಕೇಳಿಸಿಕೊಂಡು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ, ಯಾರನ್ನೂ ಹೊರಗ ಹೋಗಾಕ ಬಿಡಂಗಿಲ್ಲ. ಸಾಹೇಬ್ರ, ಅಕಿ ನಮ್ಮತ್ತಿ, ಮತ್ಯಾರೂ ಅಲ್ಲ."

ಕೆರೂರರು ಆ ಮಾತನ್ನು ಮುಂದೆ ಎಷ್ಟೋ ದೇಶಗಳ ಸಭೆಗಳಲ್ಲಿ ಹೇಳಿ ನಗಿಸಿದರು.

ಕಪ್ಪು ದ್ರವ್ಯದ ಗಾಳಿಯ ವಿಷಯವನ್ನು ಅವರು ಹೇಳಿದ್ದು ಶಶಿರೇಖಾಗೆ. ಅವಳು ಹುಲಿಗೆಮ್ಮನ ಅಕ್ಕ ಗೌರಮ್ಮನ ಮಗಳು, ಡಿಪ್ಲೊಮಾ ಓದಿದವಳು, ನಿಯಂತ್ರಣ ಕೊಠಡಿಯಲ್ಲಿ ಪೆಟ್ಟಿಗೆಯ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಳು. ಗಾಳಿ ಇಲ್ಲದ ದಿನವೂ ಬೈಕಿನಲ್ಲಿ ಹೋಗುವವನ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ಹಾಗೆ ಸೂರ್ಯ ಹಾಲೊದೊಳಗೆ ಓಡುವುದರಿಂದ ನಮ್ಮ ಮೇಲೆ ಕಪ್ಪು ದ್ರವ್ಯದ ಗಾಳಿ ಬೀಸುತ್ತಿರುತ್ತದೆ. ಜೂನ್ ಮೊದಲ ವಾರದಲ್ಲಿ ಭೂಮಿಯೂ ಸೂರ್ಯ ಓಡುವ ಕಡೆಗೇ ಓಡುತ್ತದೆ, ಆಗ ಗಾಳಿ ಜೋರು. ಡಿಸೆಂಬರಿನಲ್ಲಿ ಎದುರು ದಿಕ್ಕು, ಗಾಳಿ ಮಂದ. ಹರಳಿನ ಮಿನುಗುಗಳು ವರ್ಷಕ್ಕೊಮ್ಮೆ ಏರಿ ಇಳಿದರೆ ಹಾಲೊ ಸಿಕ್ಕಿತೆಂದೇ ಅರ್ಥ.

ಏರಿ ಇಳಿದವು. ಮೊದಲ ವರ್ಷ ಮಾರ್ಚಿನ ಕೊನೆಯಿಂದ ಮೆಟ್ಟಿಲು ಹತ್ತಿದಂತೆ ಏರಿ, ಜೂನ್ ನಾಲ್ಕಕ್ಕೆ ತುದಿ ಮುಟ್ಟಿ, ಆಮೇಲೆ ನಿಧಾನ ಇಳಿದು ಚಳಿಗಾಲಕ್ಕೆ ತಳ ಕಂಡವು. ಎರಡನೆಯ ವರ್ಷದ ತುದಿ ಜೂನ್ ಇಪ್ಪತ್ತೆರಡಕ್ಕೆ ಬಂತು. ಮೂರನೆಯ ವರ್ಷ ಹನ್ನೊಂದು, ನಾಲ್ಕನೆಯದು ಇಪ್ಪತ್ತೊಂಬತ್ತು, ಆಮೇಲೆ ಹದಿನೆಂಟು, ಏಳು. ಹೀಗೆ ಹಿಂದೆ ಮುಂದೆ ಸರಿಯುವ ಗಾಳಿಯನ್ನು ಯಾರೂ ಊಹಿಸಿರಲಿಲ್ಲ. ಕೆರೂರರು ಎರಡು ವರ್ಷ ಕೂತು ಅದಕ್ಕೊಂದು ವಿವರಣೆ ಕಟ್ಟಿದರು. ಬಹಳ ಹಿಂದೆ ನಮ್ಮ ಹಾಲೊ ಒಂದು ಸಣ್ಣ ಗೆಲಾಕ್ಸಿಯನ್ನು ನುಂಗಿದೆ. ಆ ಗೆಲಾಕ್ಸಿಯ ಕಪ್ಪು ದ್ರವ್ಯ ಜೀರ್ಣವಾಗದೆ ನೂಲಿನಂತೆ ಎಳೆದುಕೊಂಡು ಹೊನಲಾಗಿ ಹರಿಯುತ್ತಿದೆ. ಸೂರ್ಯ ಈಗ ಆ ಹೊನಲಿನ ಎಳೆಗಳನ್ನು ಒಂದೊಂದಾಗಿ ದಾಟುತ್ತಿದ್ದಾನೆ. ಲೆಕ್ಕ ಚೆನ್ನಾಗಿ ಕೂತಿತು. ಜಗತ್ತೆಲ್ಲ ಅದಕ್ಕೆ ಬೆಣಚಿಗುಡ್ಡದ ಹೊನಲು ಎಂದು ಹೆಸರಿಟ್ಟಿತು. ಹೊನಲಿನ ಬಣ್ಣದ ಚಿತ್ರ ಶಾಲೆಯ ಪುಸ್ತಕಕ್ಕೂ ಬಂತು. ಹೊರದೇಶಗಳ ಎರಡು ಗಣಿಗಳಲ್ಲಿ ಇಂಥದೇ ಪೆಟ್ಟಿಗೆ ಇಟ್ಟವರಿಗೆ ಏನೂ ಕಾಣಲಿಲ್ಲವೆಂಬ ಸುದ್ದಿ ಬಂದಾಗ, ಅವರ ಹರಳು ನಮ್ಮಷ್ಟು ಸೂಕ್ಷ್ಮವಲ್ಲ ಎಂದು ಇಲ್ಲಿಯವರು ಅಂದರು. ಹಾಗೆ ಅಂದವರಲ್ಲಿ ಶಶಿರೇಖಾಳೂ ಒಬ್ಬಳು.

ಏಳನೆಯ ವರ್ಷದ ತುದಿ ಜೂನ್ ಇಪ್ಪತ್ತಾರಕ್ಕೆ ಬಂದು ಹೋಗಿತ್ತು. ಜುಲೈನ ಒಂದು ಭಾನುವಾರ ಗೌರಮ್ಮ ಅಡುಗೆಮನೆಯ ಫಳಿಯ ಮೇಲಿನ ಡಬ್ಬಿಗಳನ್ನು ಇಳಿಸಿ ತೊಳೆಯಲು ಕೂತಳು. ಫಳಿಗೆ ಹಾಸಿದ್ದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು ಹೊಸವನ್ನು ಹಾಸುವುದು ಶಶಿರೇಖಾಳ ಪಾಲಿಗೆ ಬಂತು. ಎಣ್ಣೆ ಜಿಡ್ಡು ಹಿಡಿದ ಹಾಳೆಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಗೌರಮ್ಮ ಯಾವುದನ್ನೂ ಎಸೆಯುವವಳಲ್ಲ. ಬಿಡಿಸುತ್ತ ಹೋದಾಗ ಒಂದು ಜೂನ್ ತಿಂಗಳ ಹಾಳೆ ಸಿಕ್ಕಿತು. ಇಪ್ಪತ್ತೆರಡರ ಮನೆಯಲ್ಲಿ ದುಂಡಗಿನ ಚಂದ್ರ, ಕೆಳಗೆ ಕಾರ ಹುಣ್ಣಿಮೆ ಎಂಬ ಅಕ್ಷರ. ಅವಳು ಅದನ್ನು ಪಕ್ಕಕ್ಕಿಟ್ಟಳು. ಇನ್ನೊಂದು ಹಾಳೆಯಲ್ಲಿ ಹನ್ನೊಂದಕ್ಕೆ ಕಾರ ಹುಣ್ಣಿಮೆ. ಹದಿನೆಂಟು. ಏಳು. ಅಧಿಕ ಮಾಸ ಬಂದ ವರ್ಷ ಮಾತ್ರ ಇಪ್ಪತ್ತೊಂಬತ್ತು. ಮಿನುಗುಗಳು ತುದಿ ಮುಟ್ಟಿದ ಆ ಅಂಕಿಗಳನ್ನು ಅವಳು ನಿದ್ದೆಯಲ್ಲೂ ಹೇಳಬಲ್ಲಳು. ಗೌರಮ್ಮ ಡಬ್ಬಿ ಒರೆಸಿ ಕೊಡುತ್ತ, ಯಾಕೆ ಸುಮ್ಮನೆ ನಿಂತೆ ಎಂದು ಎರಡು ಸಲ ಕೇಳಿದಳು.

ಚಂದ್ರನ ಸೆಳೆತವೇ ಏನಾದರೂ ಮಾಡುತ್ತಿರಬಹುದೆ ಎಂದು ಶಶಿರೇಖಾ ಮಾರನೆಯ ದಿನ ಬೇರೆ ಹುಣ್ಣಿಮೆಗಳ ಲೆಕ್ಕ ತೆಗೆದಳು. ಹೋಳಿ ಹುಣ್ಣಿಮೆಗೆ, ನೂಲ ಹುಣ್ಣಿಮೆಗೆ, ಸೀಗಿ ಹುಣ್ಣಿಮೆಗೆ ಏನೂ ಇರಲಿಲ್ಲ. ಮಾರ್ಚ್ ಏಪ್ರಿಲ್‌ನ ಮೊದಲ ಮೆಟ್ಟಿಲು ಯುಗಾದಿಗೆ ಸರಿಯಾಗಿ ಕೂತಿತು, ಎರಡನೆಯದು ಬಸವ ಜಯಂತಿಗೆ, ತುದಿ ಕಾರ ಹುಣ್ಣಿಮೆಗೆ. ಯಾವ ಹುಣ್ಣಿಮೆ ಕಾರ ಹುಣ್ಣಿಮೆ ಎಂಬುದು ಚಂದ್ರನಿಗೆ ಗೊತ್ತಿರುವುದಿಲ್ಲ, ಮನುಷ್ಯರಿಗೆ ಗೊತ್ತಿರುತ್ತದೆ. ಸಂಜೆ ಅವಳು ನೇರ ಸಣ್ಣವ್ವನ ಮನೆಗೆ ಹೋದಳು.

ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದ ಧೂಳಿಗೆ ಕೆಮ್ಮು ಬಂದಾಗ ಮೊರ ಕೆಳಗಿಟ್ಟು, ಕೆಮ್ಮು ಮುಗಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಶಶಿರೇಖಾ ಅದೂ ಇದೂ ಮಾತಾಡಿ, ಕೆಳಗೆ ತಾಮ್ರದ ಹಲಗೆ ಯಾವುದರಿಂದ ಒರೆಸುತ್ತೀರಿ ಎಂದು ಕೇಳಿದಳು.

"ಒರಸಾಕ ಕೊಟ್ಟಿದ್ದ ಆ ವಾಸನಿ ನೀರು ಮೊದಲನೇ ಯುಗಾದಿಗಿಂತ ಮೊದಲ ಮುಗೀತಲ್ಲ. ಮೇಸ್ತ್ರಿಗೆ ಹೇಳಿದ್ವಿ, ತರಸ್ತೀನಿ ಅಂದ, ತರಸಲಿಲ್ಲ. ತಾಮ್ರ ಹೊಳೀಬೇಕು, ಏನರ ಮಾಡ್ರಿ ಅಂದ." ಹುಲಿಗೆಮ್ಮ ಮೊರವನ್ನು ಒಂದು ಸಲ ಹಾರಿಸಿ ಹಿಡಿದಳು. "ತಾಮ್ರ ಹೊಳ್ಯಾಂಗ ಮಾಡೂದು ನಮಗ ಕಲಿಸಬೇಕೇನಬೇ? ಹುಣಸಿಹಣ್ಣು, ಕುಳ್ಳಿನ ಬೂದಿ. ಬುತ್ತಿಗಂಟಿನ್ಯಾಗ ಒಯ್ತಿದ್ವಿ. ಮನಿ ಕೊಡ ತಿಕ್ಕೂ ಹಬ್ಬಕ್ಕ ಅದಕ್ಕೂ ತಿಕ್ಕಿಬಿಡ್ತಿದ್ವಿ. ಕಾರ ಹುಣ್ಣಿಮಿಗಂತೂ ಸಂದಿ ಸಂದಿ ಬಿಡ್ತಿರಲಿಲ್ಲ. ಹಗಲು ರಾತ್ರಿ ದುಡೀತೈತಿ ಎತ್ತಿನಂಗ. ಎತ್ತಿಗೆ ಮೈ ತೊಳದು ಅದಕ್ಕ ಬಿಟ್ರ ಹೆಂಗ?"

ದಸರೆಗೆ ಯಾಕೆ ತಿಕ್ಕುವುದಿಲ್ಲ ಎಂದು ಕೇಳಿದರೆ ಅವಳು ನಕ್ಕಳು. ಆಯುಧ ಪೂಜೆ ಮೇಲಿನವರದಂತೆ. ಕಚೇರಿಯ ಜೀಪಿಗೆ, ಕಂಪ್ಯೂಟರಿಗೆ. ಅಂದು ಕೆಳಗೆ ಹೋಗಲು ಕೇಜು ಬಿಡುವುದಿಲ್ಲ. ಕಾರ ಹುಣ್ಣಿಮೆ ಕಳೆದರೆ ಬಿತ್ತನೆ ಸುರುವಾಗುತ್ತದೆ, ಯಾರ ಮನೆಯಲ್ಲೂ ತಾಮ್ರ ತಿಕ್ಕಲು ಪುರುಸೊತ್ತಿಲ್ಲ. ಕೆಳಗೂ ಬರೀ ನೀರಿನ ಬಟ್ಟೆಯಿಂದ ಒರೆಸುವುದು.

ಶಶಿರೇಖಾ ಒಲೆಯ ಮೂಲೆಯಿಂದ ಒಂದು ಹಿಡಿ ಬೂದಿಯನ್ನು ಕಾಗದದಲ್ಲಿ ಕಟ್ಟಿಕೊಂಡಳು. ಯಾಕೆಂದು ಹುಲಿಗೆಮ್ಮ ಕೇಳಿದ್ದಕ್ಕೆ ಗಿಡಕ್ಕೆ ಹಾಕಲು ಎಂದಳು. ಅವಳು ಸಣ್ಣವ್ವನಿಗೆ ಹೇಳಿದ ಮೊದಲ ಸುಳ್ಳು ಅದು.

ಬೂದಿಯಲ್ಲಿ ಪೊಟ್ಯಾಶಿಯಂ ಇರುತ್ತದೆ, ಹುಣಸೆಹಣ್ಣಿನಲ್ಲೂ ಇರುತ್ತದೆ. ಹೊಲಕ್ಕೆ ಬೂದಿ ಹಾಕುವುದು ಅದಕ್ಕಾಗಿಯೇ. ಆ ಪೊಟ್ಯಾಶಿಯಂ ಪರಮಾಣುಗಳಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಂದು ಅಸ್ಥಿರ; ಯಾವಾಗಲೋ ತಾನಾಗಿ ಒಡೆದು ಕಿರಣವೊಂದನ್ನು ಬಿಡುತ್ತದೆ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಕಪ್ಪು ದ್ರವ್ಯದ ಕಣ ತಾಕಿದಾಗ ಹರಳಿನಲ್ಲಿ ಎಷ್ಟು ಬೆಳಕು ಮಿನುಗಬೇಕೋ, ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು ಆ ಕಿರಣವೂ ಮಿನುಗಿಸಬಲ್ಲದು. ಹಲಗೆಗಳ ಸಂದಿಯಲ್ಲಿ ಉಳಿದ ಬೂದಿ ಹಬ್ಬದಿಂದ ಹಬ್ಬಕ್ಕೆ ಹೆಚ್ಚಿ, ನೀರಿನ ಬಟ್ಟೆಗೆ ತಿಂಗಳು ತಿಂಗಳು ಕರಗಿ, ಚಳಿಗಾಲಕ್ಕೆ ಮುಗಿಯುತ್ತಿತ್ತು. ಶಶಿರೇಖಾ ಕಾಗದದ ಪೊಟ್ಟಣವನ್ನು ಮೇಲೆ ನಿಯಂತ್ರಣ ಕೊಠಡಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಸಣ್ಣ ಹರಳಿನ ಮುಂದೆ ಇಟ್ಟು ಮೂರು ದಿನ ಎಣಿಸಿದಳು. ಹಾಲೊ ನುಂಗಿದ ಗೆಲಾಕ್ಸಿಯ ಹೊನಲು ಅವಳ ಅಂಗೈಯಷ್ಟು ಪೊಟ್ಟಣದಲ್ಲಿ ಪೂರಾ ಸಿಕ್ಕಿತು.

ಕೆರೂರರ ಕೋಣೆ ಹಳೆಯ ಕೇಜು ಎಳೆಯುವ ಯಂತ್ರದ ಕಟ್ಟಡದಲ್ಲಿತ್ತು. ಅವಳು ಕೊಟ್ಟ ಎರಡು ಹಾಳೆಗಳನ್ನು ಅವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಜಿಡ್ಡಿನ ಕ್ಯಾಲೆಂಡರ್ ಹಾಳೆಗಳನ್ನು ಮುಟ್ಟಲಿಲ್ಲ. ಆಮೇಲೆ ಅವರು ಕೇಳಿದ್ದು, ಇದು ಯಾರ್‍ಯಾರಿಗೆ ಗೊತ್ತು ಎಂದು. ತನಗೊಬ್ಬಳಿಗೇ ಎಂದಳು.

"ನಿಮ್ಮ ಸಣ್ಣವ್ವಗ ಹೇಳಬ್ಯಾಡ. ಈಗ ಹೊರಗ ಬಂದ್ರ ಮೊದಲು ಸಾಯೂದು ಆ ಹನ್ನೆರಡು ಮಂದಿ. ಆಗಸ್ಟಿಗೆ ದಿಲ್ಲಿ ಸಮಿತಿ ಬರ್ತದ, ಅವರ ಖಾಯಂ ಕಾಗದ ಅದರ ಮುಂದ ಅದ." ಅವರು ಹಾಳೆಗಳನ್ನು ಮಡಚಿ ಮೇಜಿನ ಖಾನೆಗೆ ಹಾಕಿದರು. "ಬರೂ ವರ್ಷ ಬೂದಿ ಮುಟ್ಟಿಸೂದು ಬ್ಯಾಡ. ಒಂದು ವರ್ಷ ನೋಡೋಣ. ಅಲೆ ಬರಲಿಲ್ಲಂದ್ರ ನಾನ ಹೇಳ್ತೀನಿ. ನನ್ನ ಬಾಯಿಲೇ ಹೇಳ್ತೀನಿ, ಶಶಿರೇಖಾ."

ಅವಳಿಗೆ ಎದೆ ಹಗುರಾಯಿತು. ಸುಮ್ಮನಿರುವುದೂ ಸಣ್ಣವ್ವನ ಒಳಿತೂ ಒಂದೇ ಕಡೆಗೆ ಬಿದ್ದದ್ದು ದೊಡ್ಡ ಅನುಕೂಲವಾಗಿ ಕಂಡಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ವಾಸನೆಯ ನೀರಿನ ಡಬ್ಬಿಗಳು ಎರಡೇ ವಾರದಲ್ಲಿ ಬಂದವು. ಬುತ್ತಿಗಂಟನ್ನು ಮೇಲೆಯೇ ಬಿಟ್ಟು ಹೋಗಬೇಕೆಂದು ಆದೇಶವಾಯಿತು. ಹುಲಿಗೆಮ್ಮನಿಗೆ ಇದು ಅವಮಾನವೆನಿಸಿತು. ಇಷ್ಟು ವರ್ಷ ಹೊಳೆದದ್ದು ಈಗ ಯಾರ ಕಣ್ಣಿಗೆ ಚುಚ್ಚಿತು ಎಂದು ಶಶಿರೇಖಾಳನ್ನು ಕೇಳಿದಳು. ಮೇಲಿನಿಂದ ಬಂದ ನಿಯಮ ಎಂದು ಅವಳು ಅಂದಳು. ಆಗಸ್ಟಿನಲ್ಲಿ ಸಮಿತಿಯವರು ಬಂದರು. ಹೆಲ್ಮೆಟ್ಟು ಹಾಕಿಕೊಂಡು ಕೆಳಗಿಳಿದು ತಾಮ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹೆಂಗಸರ ಕಾಗದ ಅವರಿಗೆ ಒಪ್ಪಿಗೆಯಿತ್ತು. ಬರುವ ವರ್ಷದ ಅಲೆಯ ವರದಿ ಬಂದು ಯೋಜನೆಯ ಅವಧಿ ಮುಂದುವರಿದ ಕೂಡಲೇ ಹನ್ನೆರಡು ಮಂದಿಯೂ ಖಾಯಂ ಎಂದರು. ಹುಲಿಗೆಮ್ಮ ಅಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಇನ್ನೊಂದು ವರ್ಷವೇನು, ಕೆಮ್ಮಿಗೆ ಹೇಳಿ ಒಪ್ಪಿಸುತ್ತೇನೆ ಎಂದು ಅಕ್ಕನ ಮುಂದೆ ನಗೆಯಾಡಿದಳು. ಆ ಚಳಿಗಾಲದಲ್ಲಿ ಕೇಜಿನಿಂದ ಪೆಟ್ಟಿಗೆಯವರೆಗಿನ ಸುರಂಗವನ್ನು ದಾಟಲು ಅವಳು ಎರಡು ಕಡೆ ಕೂರತೊಡಗಿದಳು. ಉಳಿದವರು ಮೇಸ್ತ್ರಿಗೆ ಕಾಣದಂತೆ ಅವಳ ಸುತ್ತ ನಿಲ್ಲುತ್ತಿದ್ದರು.

ಮುಂದಿನ ವರ್ಷ ಯುಗಾದಿ ಬಂತು, ಅಲೆ ಏಳಲಿಲ್ಲ. ಬಸವ ಜಯಂತಿ ಹೋಯಿತು. ಕಾರ ಹುಣ್ಣಿಮೆಯ ದಿನ ಊರಲ್ಲಿ ಎತ್ತುಗಳ ಕೋಡಿಗೆ ಬಣ್ಣ ಬಳಿಯುತ್ತಿದ್ದ ಹೊತ್ತಿಗೆ ಕೆರೂರರು ಪರದೆಯ ಮುಂದೆ ಒಬ್ಬರೇ ಕೂತಿದ್ದರು. ಗೆರೆ ಕೆರೆಯ ನೀರಿನಂತೆ ಮಲಗಿತ್ತು. ಶಶಿರೇಖಾ ಬಂದು ಹಿಂದೆ ನಿಂತಳು.

"ಹೊನಲು ದಾಟಿರಬಹುದಲ್ಲಾ?" ಎಂದರು ಅವರು, ತಿರುಗದೆ.

"ಸರ್, ಒಂದು ವರ್ಷ ಅಂದಿದ್ರಿ."

"ಬೂದಿ ನಿಂತ ವರ್ಷಾನ ಸೂರ್ಯ ಹೊನಲು ದಾಟಬಾರದು ಅಂತ ಎಲ್ಲಿ ಬರದದ?"

ಅದನ್ನು ಹೇಳುವಾಗ ಅವರ ದನಿ ಕೊನೆಯ ಬೆಂಚಿನಲ್ಲಿ ಕೂತು ತಪ್ಪು ಉತ್ತರ ಹೇಳುವವರ ಹಾಗಿತ್ತು. ಆದರೂ ಸೆಪ್ಟೆಂಬರಿನಲ್ಲಿ ವರದಿ ಹೋಯಿತು. ಸೂರ್ಯ ಬೆಣಚಿಗುಡ್ಡದ ಹೊನಲನ್ನು ದಾಟಿ ಆಚೆ ದಡ ಸೇರಿದ್ದಾನೆ. ಮನುಷ್ಯನ ಕಣ್ಣೆದುರಿಗೇ ಗೆಲಾಕ್ಸಿಯ ಒಂದು ಎಳೆ ಮುಗಿಯಿತು. ಪತ್ರಿಕೆಗಳು ಮೊದಲಿಗಿಂತ ದೊಡ್ಡ ಅಕ್ಷರಗಳಲ್ಲಿ ಬರೆದವು.

ಶಶಿರೇಖಾ ಆ ಮಲಗಿದ ಗೆರೆಯನ್ನು ಬಿಡಲಿಲ್ಲ. ಬೂದಿಯ ಗದ್ದಲವಿಲ್ಲದ ಲೆಕ್ಕ ಅವಳ ಕೈಗೆ ಸಿಕ್ಕಿದ್ದು ಅದೇ ಮೊದಲು. ದಿನ ದಿನದ ಮಿನುಗುಗಳನ್ನು ಕೂಡಿ ಕಳೆದು ನೋಡಿದಾಗ ಅದರೊಳಗೆ ಒಂದು ಸಣ್ಣ ಅಲೆ ಕಂಡಿತು. ಹಳೆಯದರ ಹತ್ತರಲ್ಲೊಂದು ಭಾಗವೂ ಇಲ್ಲ. ಮೆಟ್ಟಿಲುಗಳಿಲ್ಲ, ನುಣ್ಣಗೆ ಏರಿ ಜೂನ್ ಎರಡಕ್ಕೆ ತುದಿ, ನುಣ್ಣಗೆ ಇಳಿಯುತ್ತ ಡಿಸೆಂಬರಿಗೆ ತಳ. ಪುಸ್ತಕದಲ್ಲಿ ಬರೆದ ಹಾಗೆಯೇ. ಒಂದೇ ವರ್ಷದ್ದು, ಬರೀ ಏರುಪೇರೂ ಆಗಿರಬಹುದು. ಇನ್ನೂ ನಾಲ್ಕು ವರ್ಷ ಎಣಿಸಿದರೆ ಗೊತ್ತಾಗುತ್ತಿತ್ತು. ಜನವರಿಯಲ್ಲಿ ಅವಳು ಅದನ್ನು ಕೆರೂರರಿಗೆ ತೋರಿಸಿದಳು. ಅವರು ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು.

"ಇದು ಖರೇ ಇರಬಹುದು," ಎಂದರು. "ಹಾಲೊ ಇದ ಇರಬಹುದು. ಆದ್ರ ಇದನ್ನ ಹೇಳಬೇಕಂದ್ರ, ಮೊದಲಿಂದು ಏನಿತ್ತಂತ ಹೇಳಬೇಕಾಗ್ತದ."

ಹೇಳಿಬಿಡಿ ಎಂದು ಅವಳು ಅನ್ನಲಿಲ್ಲ. ಅವರೂ ಅವಳ ಮುಖ ನೋಡಲಿಲ್ಲ.

ಹೊನಲು ಮುಗಿದ ಮೇಲೆ ಅಳೆಯುವುದಕ್ಕೇನಿದೆ ಎಂದು ದಿಲ್ಲಿಯವರು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಯೋಜನೆಯ ಅವಧಿ ಮುಂದುವರಿಯಲಿಲ್ಲ. ಫೆಬ್ರುವರಿಯ ಕೊನೆಗೆ ಪೆಟ್ಟಿಗೆಯನ್ನು ಬಿಚ್ಚಿ, ಶಾಫ್ಟಿನ ಬಾಯಿಗೆ ಕಾಂಕ್ರೀಟು ಹಾಕುವುದೆಂದು ತೀರ್ಮಾನವಾಯಿತು. ಖಾಯಂ ಕಾಗದಕ್ಕೆ ಅಡಿಪಾಯವೇ ಇಲ್ಲದಂತಾಯಿತು. ಹನ್ನೆರಡು ಹೆಂಗಸರಿಗೆ ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಗೌರವಿಸುವುದೆಂದು ಒಂದು ಸುತ್ತೋಲೆ ಬಂತು. ಅದೇ ವಾರ ಶಶಿರೇಖಾಗೆ ಮೈಸೂರಿನ ಸಂಸ್ಥೆಯೊಂದರಲ್ಲಿ ಖಾಯಂ ಹುದ್ದೆಯ ಆದೇಶ ಬಂತು. ಕೆರೂರರು ತಾವೇ ಹೋಗಿ ಮಾತಾಡಿ ಕೊಡಿಸಿದ್ದರು.

ಬೀಳ್ಕೊಡುಗೆಯ ಹಿಂದಿನ ದಿನ ಮಧ್ಯಾಹ್ನ ಅವಳು ಹುಲಿಗೆಮ್ಮನ ಮನೆಗೆ ಹೋದಳು. ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಶಶಿರೇಖಾ ಎಲ್ಲವನ್ನೂ ಹೇಳಿದಳು. ಕ್ಯಾಲೆಂಡರು, ಬೂದಿಯ ಪೊಟ್ಟಣ, ಕೆರೂರರ ಮಾತು, ದಾಟಿದ ಹೊನಲು, ಆ ಸಣ್ಣ ಅಲೆ. ನಿನ್ನ ಕಾರ್ಡಿನ ಸಲುವಾಗಿಯೇ ಸುಮ್ಮನಿದ್ದೆ ಎಂದಳು. ಹೇಳಿ ಮುಗಿಸಿದ ಮೇಲೆ ಸಣ್ಣವ್ವ ಬೈಯಬಹುದು, ಇಲ್ಲವೆ ಹೋಗಲಿ ಬಿಡು ಎನ್ನಬಹುದು ಎಂದು ಕಾದಳು.

ಹುಲಿಗೆಮ್ಮ ಉಸಿರು ಕೂಡಿಸಿಕೊಂಡು ಕೇಳಿದಳು:

"ತಿಕ್ಕಿದಾಕಿ ನಾನು. ತಪ್ಪಾಗಿದ್ರ ನನ್ನ ಕೈಲೇ ಆಗೇತಿ. ಅದನ್ನ ನನಗ ಯಾಕ ಹೇಳಲಿಲ್ಲ?"

"ನಿನಗ ನೋವಾಗ್ತೈತಿ ಅಂತ. ಕೆಲಸ ಹೋಗ್ತಿತ್ತು ಸಣ್ಣವ್ವ."

"ಈಗ ಉಳೀತೇನು?" ಒಂದು ಸುತ್ತು ಕೆಮ್ಮು ಬಂದು ಹೋಯಿತು. "ಆ ವರ್ಷಾನ ಕೇಳಿದ್ರ ನಾನ ಹೋಗಿ ಹೇಳ್ತಿದ್ನಿ. ಮೇಸ್ತ್ರಿ ನೀರು ಕೊಡಲಿಲ್ಲ, ನಾವು ಬೂದಿ ಹಚ್ಚಿದ್ವಿ, ಹೊಸದಾಗಿ ಎಣಿಸ್ರಿ ಅಂತ. ಹೊಸದಾಗಿ ಎಣಿಸಾಕ ಮಂದಿ ಬೇಕಾಗ್ತಿದ್ರು. ತಾಮ್ರ ತಿಕ್ಕಾಕ ನಾವು ಬೇಕಾಗ್ತಿದ್ವಿ. ಆ ಸಣ್ಣದು ಅಂದೆಲ್ಲ, ಅದೂ ಸಿಗ್ತಿತ್ತು. ನೀವಿಬ್ಬರೂ ಓದಿದವರು, ನಮ್ಮ ಸಲುವಾಗಿ ನಮ್ಮನ್ನ ಕೇಳದ ಕುಂತ್ರಿ."

ಶಶಿರೇಖಾಗೆ ಇದು ಹೊಳೆದಿರಲಿಲ್ಲ. ಎಂಟು ವರ್ಷ ಲೆಕ್ಕ ಬರೆದವಳಿಗೆ ಹೊಳೆಯದೆ ಹೋಗಿತ್ತು.

ಮಾರನೆಯ ದಿನ ಶಾಫ್ಟಿನ ಮುಂದೆ ಶಾಮಿಯಾನ ಹಾಕಿದ್ದರು. ದಿಲ್ಲಿಯವರು, ಹೊರದೇಶದ ಇಬ್ಬರು ವಿಜ್ಞಾನಿಗಳು, ಪತ್ರಿಕೆಯವರು, ಕಾಲೇಜಿನ ಹುಡುಗಿಯರು ಬಂದಿದ್ದರು. ಶಶಿರೇಖಾ ರೇಷ್ಮೆ ಸೀರೆ ಉಟ್ಟು ಶಾಲುಗಳ ತಟ್ಟೆ ಹಿಡಿದು ವೇದಿಕೆಯ ಪಕ್ಕದಲ್ಲಿ ನಿಂತಿದ್ದಳು. ಕೆರೂರರು ಹೊನಲಿನ ಬಗ್ಗೆ ಚಿಕ್ಕದಾಗಿ ಮಾತಾಡಿದರು. ಹುಲಿಗೆಮ್ಮನ ಅತ್ತೆಯ ತಮಾಷೆಯನ್ನು ಅಂದು ಹೇಳಲಿಲ್ಲ. ಆಮೇಲೆ ನಿರೂಪಣೆಯವನು, ತೆರೆಮರೆಯಲ್ಲಿ ದುಡಿದ ತಾಯಂದಿರ ಪರವಾಗಿ ಹುಲಿಗೆಮ್ಮನವರು ಎರಡು ಮಾತಾಡಬೇಕು ಎಂದು ಕರೆದ.

ಇಬ್ಬರು ಹೆಂಗಸರು ರಟ್ಟೆ ಹಿಡಿದು ಅವಳನ್ನು ಮೈಕಿನವರೆಗೆ ತಂದರು. ಹುಲಿಗೆಮ್ಮ ನಮಸ್ಕಾರ ಮಾಡಿದಳು.

"ನೀವು ಹೊಳಿ ಅಂದದ್ದು ಹೊಳಿ ಅಲ್ರಿ. ಪೆಟ್ಟಿಗಿಯೊಳಗ ನಾವು ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದ್ವಿ. ಅದು ಲೆಕ್ಕದಾಗ ಬಂದೈತಿ. ನಿಮ್ಮ ಪುಸ್ತಕದಾಗಿರೂದು ನಮ್ಮ ಒಲಿ ಬೂದಿ. ತಿದ್ದಿಕೊಳ್ರಿ. ಒಳಗ ಖರೇದು ಸಣ್ಣದೊಂದು ಐತಂತ. ಗಣಿ ಬಾಯಿ ಮುಚ್ಚಬ್ಯಾಡ್ರಿ, ಅದನ್ನ ಎಣಿಸ್ರಿ."

ಶಾಮಿಯಾನದ ಕೆಳಗೆ ನಗು ಎದ್ದಿತು. ಕೆಟ್ಟ ನಗುವಲ್ಲ, ಅಕ್ಕರೆಯ ನಗು. ಮುಂದಿನ ಸಾಲಿನವರೊಬ್ಬರು ಹೊರದೇಶದವರ ಕಿವಿಯಲ್ಲಿ ಏನೋ ಹೇಳಿದರು, ಅವರೂ ನಕ್ಕು ಚಪ್ಪಾಳೆ ತಟ್ಟಿದರು. ಒಲೆಯ ಬೂದಿಯಲ್ಲೇ ಬ್ರಹ್ಮಾಂಡವನ್ನು ಕಾಣುವ ಎಂಥ ಮುಗ್ಧ ಮನಸ್ಸು ಎಂದು ನಿರೂಪಣೆಯವನು ಹೇಳುತ್ತಿದ್ದ. ಹುಲಿಗೆಮ್ಮ ಮೈಕು ಬಿಡಲಿಲ್ಲ.

"ನಗಬ್ಯಾಡ್ರಿ. ಅಲ್ಲಿ ನಿಂತಾಳಲ್ಲ, ನಮ್ಮ ಅಕ್ಕನ ಮಗಳು. ಲೆಕ್ಕ ಬರದಾಕಿ ಅಕಿ. ಅಕಿನ್ನ ಕೇಳ್ರಿ."

ಎಲ್ಲರೂ ತಿರುಗಿದರು. ಯಾರೋ ಇನ್ನೊಂದು ಮೈಕನ್ನು ತಂದು ಶಶಿರೇಖಾಳ ಬಾಯಿಯ ಮುಂದೆ ಹಿಡಿದರು. ಕೆರೂರರು ವೇದಿಕೆಯ ಮೇಲೆ ತಮ್ಮ ಕಾಲಿನ ಕಡೆ ನೋಡುತ್ತ ಕೂತಿದ್ದರು. ಅವರು ತಡೆಯುವುದಿಲ್ಲ ಎಂಬುದು ಅವಳಿಗೆ ಕಂಡಿತು. ಹೇಳುವುದಕ್ಕೆ ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ.

"ನಮ್ಮ ಸಣ್ಣವ್ವ ಮೊದಲಿನಿಂದಲೂ ಹೀಗೇ," ಎಂದಳು ಶಶಿರೇಖಾ. "ತಮಾಷೆಯ ಸ್ವಭಾವ."

ಚಪ್ಪಾಳೆ ಮತ್ತೊಮ್ಮೆ ಬಿತ್ತು. ಶಾಲು ಹೊದಿಸುವ ಗಣ್ಯರು ಎದ್ದು ನಿಂತರು. ಹುಲಿಗೆಮ್ಮ ಅವರ ಹತ್ತಿರ ಹೋಗಲಿಲ್ಲ. ಹಿಡಿದವರನ್ನು ಬಿಡಿಸಿಕೊಂಡು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ತಟ್ಟೆಯ ಮುಂದೆ ಬಂದಳು. ಮಡಿಕೆ ಬಿಚ್ಚದ ಶಾಲೊಂದನ್ನು ತಾನೇ ತೆಗೆದುಕೊಂಡಳು.

"ಬರ್ತೀನ್ರಿ, ಮೇಡಮ್ಮಾರ," ಎಂದಳು.

ಅವಳ ಹಿಂದೆ ಉಳಿದ ಹನ್ನೊಂದು ಹೆಂಗಸರು ಸಾಲಾಗಿ ಬಂದರು. ಎಲ್ಲರೂ ಶಶಿರೇಖಾಳನ್ನು ಎತ್ತಿ ಆಡಿಸಿದವರೇ. ಒಬ್ಬೊಬ್ಬರೂ ಶಾಲು ತೆಗೆದುಕೊಂಡು, ಬರ್ತೀವ್ರಿ ಮೇಡಮ್ಮಾರ ಎಂದು ಹೇಳಿ ಮುಂದೆ ಹೋದರು. ಕೊನೆಯವಳು ಹೋಗುವವರೆಗೂ ಅವಳು ತಟ್ಟೆ ಹಿಡಿದುಕೊಂಡೇ ನಿಂತಿರಬೇಕಾಯಿತು.